ಹೊಡೆಯದ ಊರು

ವಿದ್ಯಾಧೀಶನಿಗೆ ಸ್ವಂತ ಅಭಿಪ್ರಾಯ ಎಂಬುದು ಇರಲಿಲ್ಲ. ಬೆಂಗಳೂರಿನ ಪ್ರಾಣಿದಯಾ ಸಂಸ್ಥೆಯೊಂದು ಅವನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಹೆಚ್ಚುಕಡಿಮೆ ಅದಕ್ಕೇ. ಜನರ ಅಭಿಪ್ರಾಯ ಕೇಳುವವನು ತನ್ನದನ್ನು ಸೇರಿಸಬಾರದು. ಕೇಳಬೇಕು, ಟ್ಯಾಬ್‌ನಲ್ಲಿ ಒತ್ತಬೇಕು, ನಮಸ್ಕಾರ ಹೇಳಿ ಏಳಬೇಕು.

"ಕಳೆದ ತಿಂಗಳಲ್ಲಿ ಕೋತಿಗಳಿಗೆ ಹೊಡೆದಿದ್ದೀರಾ?"

"ಛೆ ಛೆ, ಸ್ವಾಮಿಗೆ ಹೊಡೀತಾರಾ?" ಮಾವಿನ ತೋಪಿನ ಮುನಿಶಾಮಿ ಕೆನ್ನೆ ಬಡಿದುಕೊಂಡ.

"ಕಲ್ಲು, ಕವಣೆ, ಪಟಾಕಿ?"

"ಎಲ್ಲ ಬಿಟ್ಟಿದೀವಿ ಸಾರ್. ನಿಮ್ಮ ಬೋರ್ಡ್ ಬಂದ ಮೇಲೆ."

ರಾಯಲ್ಪಾಡಿನ ಆಚೆಯ ಈ ಊರಿಗೆ ಅವನು ಬಂದದ್ದು ಎರಡನೆಯ ಸಲ. ಯಾವ ಮಾತು ಹೇಳಿದರೆ ಜನ ಕೋತಿಗಳಿಗೆ ಹೊಡೆಯುವುದನ್ನು ಬಿಡುತ್ತಾರೆ ಎಂದು ಹೋದ ವರ್ಷ ಮನೆಮನೆಗೆ ಹೋಗಿ ಪರೀಕ್ಷಿಸಿದ್ದ. ಕಾನೂನು ಎಂದಾಗ ನಕ್ಕಿದ್ದರು. ಪರಿಸರ ಎಂದಾಗ ಆಕಳಿಸಿದ್ದರು. ಹನುಮಂತನ ಹೆಸರೆತ್ತಿದಾಗ ಕೂತವರು ಎದ್ದು ನಿಂತಿದ್ದರು. ಅವನ ವರದಿಯಂತೆ ಬೋರ್ಡುಗಳು ಬಂದವು: ಇವು ಹನುಮನ ಬಳಗ, ಹೊಡೆಯಬೇಡಿ. ಅದು ಫಲಿಸಿತೋ ಇಲ್ಲವೋ ಎಂದು ಈಗ ಅಳೆಯಬೇಕಿತ್ತು. ಫಲಿಸಿತ್ತು.

"ಮತ್ತೆ ಕಾಯಿ ತಿನ್ನೋಕೆ ಬಂದರೆ?"

ಇದು ಪ್ರಶ್ನಾವಳಿಯಲ್ಲಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ಮುನಿಶಾಮಿ ಹೆಂಡತಿಯ ಮುಖ ನೋಡಿದ. ಶಾಮಲಮ್ಮ ನಕ್ಕಳು. "ತೋರಿಸಯ್ಯಾ. ಅವರ ಬೋರ್ಡೇ ಅಲ್ವಾ."

ಮನೆಯ ಹಿಂದೆ ಟೆಂಪೋ ನಿಂತಿತ್ತು. ಅದರ ಮೇಲೆ ಕಬ್ಬಿಣದ ಬೋನು. ಒಳಗೆ ಕೋತಿಗಳು, ಒಂದರ ಮೈಮೇಲೆ ಒಂದು. ಸರಳುಗಳ ಸಂದಿಯಿಂದ ಎರಚಿದ ಕುಂಕುಮ ಕೆಲವುಗಳ ತಲೆಗೆ ಬಿದ್ದಿತ್ತು, ಒಂದರ ಕಣ್ಣಿಗೆ. ಬೋನಿಗೆ ಹಾಕಿದ್ದ ಹಾರವನ್ನು ಒಂದು ಮರಿ ಒಳಗಿನಿಂದ ಎಳೆದು ತಿನ್ನುತ್ತಿತ್ತು.

"ಹೊಡೆಯಲ್ಲ ಸಾರ್," ಎಂದ ಮುನಿಶಾಮಿ. "ಮರ್ಯಾದೆಯಾಗಿ ಕಳಿಸ್ತೀವಿ. ಕೋಲಾರದ ಕಡೆ ಗುಡ್ಡಕ್ಕೆ."

"ಆ ಕಡೆ ಊರಿನವರು?"

"ಅವರೂ ಒಳ್ಳೇವ್ರೇ. ಹೋದ ತಿಂಗಳು ಅವರೂರಿನ ಕೋತಿಗಳನ್ನ ನಮ್ಮ ತೋಪಿಗೆ ಬಿಟ್ಟು ಹೋದ್ರು. ಕುಂಕುಮ ಹಾಕೇ ಬಿಟ್ಟಿದ್ರು."

ಶಾಮಲಮ್ಮ ಒಳಗಿಂದ ತಟ್ಟೆ ತಂದು ಅವನ ಮುಂದೆ ಹಿಡಿದಳು. "ಮುಳಬಾಗಿಲ ಐನೋರು ನೀವು. ಮಂಗಳಾರತಿ ಎತ್ತಿಬಿಡಿ. ನಾವೇ ಕಳಿಸಿದ್ರೆ ಪಾಪ ಅಂಟುತ್ತೆ."

ಇದು ತಪ್ಪು ಎನ್ನಬಹುದಿತ್ತು. ಆದರೆ ನಾಳೆ ಪಕ್ಕದ ಊರಿನಲ್ಲಿ ಕೇಳುವುದಿದೆ. ಇಲ್ಲಿ ಅವನಾಡಿದ ಮಾತು ಅವನಿಗಿಂತ ಮೊದಲೇ ಅಲ್ಲಿಗೆ ಹೋಗುತ್ತದೆ; ಎಲ್ಲರೂ ಅವನಿಗೆ ಹಿಡಿಸುವ ಉತ್ತರವನ್ನೇ ಕೊಡುತ್ತಾರೆ; ವರ್ಷದ ಅಧ್ಯಯನ ಕೆಡುತ್ತದೆ. ಅವನು ತಟ್ಟೆ ತೆಗೆದುಕೊಂಡ. ಅರ್ಚಕರಾಗಿದ್ದ ಅಪ್ಪನ ಕೈಯಂತೆಯೇ ಅವನ ಕೈ ಚೆನ್ನಾಗಿ ತಿರುಗಿತು. ಬೆಂಕಿ ಕಂಡು ಕೋತಿಗಳು ಹಿಂದಕ್ಕೆ ಒತ್ತಿಕೊಂಡವು.

"ಕೋಲಾರದ ಬಸ್ಸಿಗೆ ಇನ್ನೂ ಹೊತ್ತಿದೆ ಸಾರ್. ನಿಮ್ಮ ಲಾಡ್ಜಿಗೂ ಇದೇ ದಾರಿ, ನಮ್ ಜೊತೇನೇ ಬನ್ನಿ."

ಟೆಂಪೋದಲ್ಲಿ ಅವನನ್ನು ನಡುವೆ ಕೂರಿಸಿದರು. ಒಂದು ಕಡೆ ಡ್ರೈವರ್ ಆಂಜಿ, ಬಾಗಿಲ ಕಡೆ ಮುನಿಶಾಮಿ, ಮೊಣಕಾಲುಗಳ ನಡುವೆ ಗೇರು. ಹಿಂದೆ ಬೋನಿಗೆ ಟಾರ್ಪಾಲು ಬಿಗಿದಿದ್ದರು. ಮೇ ತಿಂಗಳ ಮಧ್ಯಾಹ್ನ. ದಾರಿಯುದ್ದಕ್ಕೂ ಅವನ ಬೆನ್ನಿನ ಹಿಂದಿನ ತಗಡಿಗೆ ಒದೆ ಬೀಳುತ್ತಿತ್ತು.

ಶ್ರೀನಿವಾಸಪುರದ ಮಾವಿನ ಮಂಡಿಗಳ ಹತ್ತಿರ ಟ್ರ್ಯಾಕ್ಟರುಗಳು ರಸ್ತೆ ಕಟ್ಟಿದ್ದವು. ಟೆಂಪೋ ನಿಂತಿತು. ಮುಂದೆ ಹೋಗುವಂತಿಲ್ಲ, ಹಿಂದೆಯೂ ಇಲ್ಲ.

"ಟಾರ್ಪಾಲು ಸ್ವಲ್ಪ..." ಎಂದ ವಿದ್ಯಾಧೀಶ.

"ಏನ್ ಸಾರ್?"

"ಏನಿಲ್ಲ. ಅವಕ್ಕೆ ಸೆಕೆ ಆಗಲ್ವಾ ಅಂತ."

"ನಮಗಾಗ್ತಿಲ್ವಾ?" ಎಂದ ಆಂಜಿ. "ತೆಗೆದ್ರೆ ಫಾರೆಸ್ಟಿನೋರು ನೋಡ್ತಾರೆ. ಆಮೇಲೆ ನಾನಿರ್ತೀನಿ ಬೋನಲ್ಲಿ."

"ಲೇ, ನಿಂಗೆ ಯಾರು ಮಂಗಳಾರತಿ ಎತ್ತುತ್ತಾರೋ?" ಮುನಿಶಾಮಿ ನಕ್ಕ. ಆಂಜಿಯೂ ನಕ್ಕ. ವಿದ್ಯಾಧೀಶನ ಮುಖದ ಮೇಲೂ ಏನೋ ಒಂದು ನಗೆಯಂಥದ್ದು ಬಂದು ಹೋಯಿತು.

ಫೋನು ಬಂತು. ಅಧ್ಯಯನದ ಮುಖ್ಯಸ್ಥೆ ಮಾಧವಿ.

"ಹೇಗಿದೆ ವಿದ್ಯಾಧೀಶ?"

"ಯಾರೂ ಹೊಡೀತಿಲ್ಲ ಮೇಡಂ."

"ಯಾರೂ? ಸೂಪರ್! ಹಾಗಾದ್ರೆ ಇದೇ ಬೋರ್ಡನ್ನ ಜಿಲ್ಲೆಗೆಲ್ಲ ಹಾಕಿಸೋಣ. ಬೇರೆ ಏನಾದ್ರೂ ಗಮನಕ್ಕೆ ಬಂತಾ?"

ತಗಡಿಗೆ ಒದೆ ಬಿತ್ತು. ಅವನು ಬೆನ್ನು ತಾಗದಂತೆ ಮುಂದಕ್ಕೆ ಬಾಗಿದ.

"ಇಲ್ಲ ಮೇಡಂ. ಪ್ರಶ್ನೆಗಳಲ್ಲಿ ಇರೋದಷ್ಟೇ."

ಸುಳ್ಳೇನಲ್ಲ. ಪ್ರಶ್ನೆಗಳನ್ನು ಬರೆದವನೂ ಅವನೇ.

ಇಳಿದುಬಿಡಬೇಕು ಎನ್ನಿಸಿತು. ಇಳಿಯಬೇಕಾದರೆ ಮುನಿಶಾಮಿ ಮೊದಲು ಇಳಿಯಬೇಕು. ಅವನನ್ನು ಇಳಿಸಲು ಕಾರಣ ಹೇಳಬೇಕು. ಕಾರಣ ಹೇಳಿದರೆ ತಾನೇ ಎತ್ತಿದ ಮಂಗಳಾರತಿಯ ಮಾತು ಬರುತ್ತದೆ. ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಹೊರಗೆ ಹಾರನ್ನುಗಳು, ಸಿಪ್ಪೆ ಕೊಳೆತ ವಾಸನೆ, ಅಲುಗದ ಬಿಸಿಲು.

ಒದೆಗಳು ವಿರಳವಾದವು. ಆಮೇಲೆ ನಿಂತವು.

"ನಿದ್ದೆ ಹೋದವು, ಪಾಪ," ಎಂದ ಮುನಿಶಾಮಿ.

ಯಾರೂ ಹಿಂದೆ ತಿರುಗಲಿಲ್ಲ. ರಸ್ತೆ ತೆರವಾಯಿತು.

ಗುಡ್ಡದ ಬುಡದಲ್ಲಿ ಆಂಜಿ ಟಾರ್ಪಾಲು ಸರಿಸಿದ. ಒಳಗಿನಿಂದ ಒಲೆಯ ಬಾಯಿಯಂಥ ಬಿಸಿ ಬಂತು. ಬೋನಿನ ಬಾಗಿಲು ತೆರೆದು ಪಕ್ಕಕ್ಕೆ ನಿಂತ. ಒಂದೂ ಇಳಿಯಲಿಲ್ಲ. ಬದುಕಿದ್ದವು ಹಿಂದಿನ ಸರಳುಗಳಿಗೆ ಅಂಟಿಕೊಂಡು ಕೂತಿದ್ದವು.

"ಇಳೀರಪ್ಪಾ," ಮುನಿಶಾಮಿ ಕೈಮುಗಿದ. "ಬಾಗಿಲು ತೆಗೆದಿದೀವಲ್ಲ."

ಒಂದು ಮುದಿ ಕೋತಿ ನಿಧಾನವಾಗಿ ಮುಂದೆ ಬಂತು. ಹೊರಗಿನ ಮೂವರನ್ನೂ ನೋಡಿತು. ಕೈ ಚಾಚಿ ಬೋನಿನ ಬಾಗಿಲನ್ನು ಎಳೆದು ಮುಚ್ಚಿಕೊಂಡಿತು.

ಹನ್ನೊಂದು ಹತ್ತಿಸಿದ್ದರು. ಐದು ಸತ್ತಿದ್ದವು, ಅದರಲ್ಲಿ ಎರಡು ಮರಿ.