ಬರಬೇಕಾದವರ ಕುರ್ಚಿ

ಭಾನುವಾರ ಮಧ್ಯಾಹ್ನ ಸೊಸೆ ಊಟದ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಟೈಲರ್ ಮಾವ ಮುಂದಿನ ಅಂಗಡಿಯ ಕೋಣೆಯಲ್ಲಿ ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಸುತ್ತ ಕುರ್ಚಿ ಹಾಕಿ ಮುಗಿಸಿರುತ್ತಿದ್ದರು. ಓದಿಗೆ ಕೂರುವವರು ಮನೆಯವರೂ ಸೇರಿ ಹನ್ನೆರಡು ಮಂದಿ, ಕುರ್ಚಿ ಮಾತ್ರ ಹದಿಮೂರು. ಹೆಚ್ಚಿನ ಆ ಒಂದು ಕುರ್ಚಿ ನರ್ಸಮ್ಮನ ಕಾನೂನು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ಅವರು ಈ ಓದಿನ ಕೂಟ ಕಟ್ಟಿದ ದಿನವೇ ಹೇಳಿದ್ದರು. "ನೋಡೋಕೆ ಯಾರೂ ಬರದೇ ಇರೋ ರೋಗಿ ಬೇಗ ಹುಷಾರಾಗಲ್ಲ, ನಾನು ಕಣ್ಣಾರೆ ಕಂಡಿದ್ದೀನಿ. ಬೀದೀಲೂ ಅಷ್ಟೇ. ಬರಬೇಕಾದೋರು ಇನ್ನೂ ಯಾರೋ ಇದ್ದಾರೆ ಅಂತ ಒಂದು ಕುರ್ಚಿ ಯಾವಾಗಲೂ ಇರಲಿ."

ಪುಸ್ತಕ ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬೊಬ್ಬರು ಎರಡೆರಡು ಪುಟ ಗಟ್ಟಿಯಾಗಿ ಓದಬೇಕು. ಓದಲು ಬಾರದವರಿಗೆ ಪಕ್ಕದವರು ಒಂದೊಂದೇ ಸಾಲು ಹೇಳಿಕೊಡಬೇಕು. ಬೇಕರಿಯ ಹೆಂಗಸು ಹೀಗೆಯೇ ನಲವತ್ತರ ಮೇಲೆ ಅಕ್ಷರ ಕಲಿತಿದ್ದಳು. ಸೊಸೆ ಈ ಮನೆಗೆ ಬಂದು ಐದು ತಿಂಗಳಾಗಿತ್ತು. ಗಂಡನಿಗೆ ಬಸ್ ಡಿಪೋದಲ್ಲಿ ಕೆಲಸ, ಭಾನುವಾರವೂ ಡ್ಯೂಟಿ. ಹೊಸ ಬೀದಿ ಅವಳಿಗೆ ತನ್ನದು ಎನಿಸಿದ್ದು ಈ ಮೇಜಿನ ಸುತ್ತಲೇ.

ಅವಳ ಗಂಟಲಲ್ಲಿ ಇಳಿಯದೆ ಉಳಿದದ್ದು ಮಾವನ ಕಿವಿಯ ಸಂಗತಿ. ಯಾರು ಓದಲಿ, ಮಾವ ಕಿವಿಗೆ ಕೈ ಆನಿಸಿ, "ಇನ್ನೂ ಸ್ವಲ್ಪ ಜೋರಾಗಿ ಓದಿ, ನಂಗೆ ಕಿವಿ ಮಂದ," ಎನ್ನುತ್ತಿದ್ದರು. ಪಾಪ, ಓದುವವರು ನರ ಉಬ್ಬಿಸಿಕೊಂಡು ಓದುತ್ತಿದ್ದರು. ಆದರೆ ಅದೇ ಮಾವ, ಒಳಮನೆಯಲ್ಲಿ ಅವಳ ಕೈಯಿಂದ ಸೂಜಿ ಜಾರಿದರೆ ಅಂಗಡಿಯಿಂದಲೇ ಕೂಗುತ್ತಿದ್ದರು: "ಮಂಚದ ಕಡೆ ಬಿತ್ತು ನೋಡಮ್ಮ, ತುಳಿದುಬಿಟ್ಟೀಯ." ಭಾನುವಾರಕ್ಕೊಂದು, ಉಳಿದ ವಾರಕ್ಕೊಂದು ಕಿವಿ ಇಟ್ಟುಕೊಂಡ ಮನುಷ್ಯನನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಇನ್ನೊಂದು ವಿಚಿತ್ರವೂ ಇತ್ತು. ಓದು ಮುಗಿಸಿ ಪುಸ್ತಕ ಮುಚ್ಚಿದ ಕೂಡಲೇ ತಲೆಯ ಮೇಲಿನ ಮಾಳಿಗೆಯ ಹಲಗೆಯಿಂದ ಟಕ್ ಟಕ್ ಎಂದು ಎರಡು ಸದ್ದು ಕೇಳಿಬರುತ್ತಿತ್ತು. ಮುಚ್ಚಿದಾಗ ಮಾತ್ರ.

"ಈ ಮನೆ ದೆವ್ವಕ್ಕೂ ಕಥೆ ಹುಚ್ಚು ಹಿಡಿದಿದೆ ಕಣ್ರಪ್ಪ," ಎನ್ನುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಅಜ್ಜ. "ಮುಂದಿನ ವಾರ ಅದಕ್ಕೂ ಎರಡು ಪುಟ ಕೊಡಿ."

ಎಲ್ಲರೂ ನಗುತ್ತಿದ್ದರು, ಅತ್ತೆಯೊಬ್ಬರನ್ನು ಬಿಟ್ಟು. "ಹೆಗ್ಗಣ," ಎನ್ನುತ್ತಿದ್ದರು ಅತ್ತೆ, ಯಾರೂ ಕೇಳದಿದ್ದರೂ. "ಮೇಲೆ ಹಳೇ ಬಟ್ಟೆ ಗಂಟು ತುಂಬಿದೆ. ಹಲಗೆಗೆ ಗೆದ್ದಲು ಹಿಡಿದಿದೆ. ಯಾರೂ ಹತ್ತಬಾರದು." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರ ಕೈ ಸೊಂಟದ ಬೀಗದ ಕೈಗೊಂಚಲಿನ ಮೇಲೆ ಹೋಗುತ್ತಿತ್ತು. ದಿನಕ್ಕೆರಡು ಹೊತ್ತು ಅತ್ತೆ ಮುಚ್ಚಿದ ತಟ್ಟೆಯೊಂದನ್ನು ಮಾಳಿಗೆಗೆ ಒಯ್ಯುತ್ತಿದ್ದರು, ಅದು ಬೆಕ್ಕಿಗಂತೆ. ಹೊಟ್ಟೆ ತುಂಬ ಉಣ್ಣುವ ಬೆಕ್ಕಿರುವ ಮಾಳಿಗೆಯಲ್ಲಿ ಹೆಗ್ಗಣ ಅಷ್ಟು ಧೈರ್ಯವಾಗಿ ಕುಣಿಯುವುದು ಹೇಗೆಂದು ಸೊಸೆ ಯೋಚಿಸುತ್ತಿದ್ದಳು. ತಟ್ಟೆ ಯಾವಾಗಲೂ ತೊಳೆದುಕೊಂಡು ಕೆಳಗೆ ಬರುತ್ತಿತ್ತು.

ನಡುಮನೆಯ ಗೋಡೆಯ ಮೇಲೆ ಗಂಡನ ತಂಗಿಯ ಫೋಟೊ ಇತ್ತು. ಹದಿಮೂರರ ಹುಡುಗಿ, ಎರಡು ಜಡೆ, ಸಣ್ಣ ನೀಲಿ ಹೂವಿನ ಲಂಗ. "ಮೂರ್ಛೆರೋಗ ಇತ್ತು. ದೂರದೂರಿಗೆ ಚಿಕಿತ್ಸೆಗೆ ಕರ್ಕೊಂಡು ಹೋಗಿದ್ರು, ಅಲ್ಲೇ ಹೋಗಿಬಿಟ್ಟಳು. ಹನ್ನೊಂದು ವರ್ಷ ಆಯ್ತು," ಎಂದು ಗಂಡ ಹೇಳಿದ್ದ. ಹೇಳುವಾಗ ಅವನು ಫೋಟೊ ನೋಡದೆ ತನ್ನ ಬೂಟಿನ ಲೇಸು ನೋಡುತ್ತಿದ್ದ.

ಒಂದು ದಿನ ಮಾವ ಗಿರಾಕಿಯ ಕೋಟಿನ ಅಳತೆ ನೋಡಿ ಹೇಳು ಎಂದು ಹಳೆಯ ಅಳತೆ ಪುಸ್ತಕವನ್ನು ಅವಳ ಕೈಗೆ ಕೊಟ್ಟು ಬಾಗಿಲಿಗೆ ಬಂದವರನ್ನು ಮಾತಾಡಿಸಲು ಹೋದರು. ಪುಟಕ್ಕೊಂದು ಹೆಸರು, ಕೆಳಗೆ ಎದೆ, ಸೊಂಟ, ತೋಳು, ಉದ್ದ. ಹುಡುಕುತ್ತಾ ಹೋದವಳ ಬೆರಳು ಹೆಸರಿಲ್ಲದ ಒಂದು ಪುಟದ ಮೇಲೆ ನಿಂತಿತು. ಅಲ್ಲಿ ಹನ್ನೊಂದು ಸಾಲುಗಳಿದ್ದವು, ವರ್ಷಕ್ಕೊಂದು. ಮೊದಲ ಸಾಲು ಎಳೆಯ ಹುಡುಗಿಯ ಮೈ. ಮುಂದಿನದರಲ್ಲಿ ಉದ್ದ ಎರಡಿಂಚು ಏರಿತ್ತು, ತೋಳು ಒಂದಿಂಚು. ಆಮೇಲೆ ಎದೆಯ ಅಳತೆ ತುಂಬಿಕೊಂಡಿತ್ತು. ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಅದು ಹೆಚ್ಚುಕಡಿಮೆ ಅವಳದೇ ಅಳತೆ. ಪುಟದ ಅಂಚಿಗೆ ಗುಂಡುಸೂಜಿಯಲ್ಲಿ ಚುಚ್ಚಿಟ್ಟಿದ್ದ ಬಟ್ಟೆಯ ಚೂರಿನಲ್ಲಿ ಸಣ್ಣ ನೀಲಿ ಹೂವುಗಳಿದ್ದವು.

ಸಂಜೆ ಅಡುಗೆಮನೆಯಲ್ಲಿ ಅವಳು ಮೆಲ್ಲಗೆ ಕೇಳಿದಳು: "ಅತ್ತೆ, ಸತ್ತವರು ಬೆಳೀತಾರಾ?"

ಅತ್ತೆಯ ಸೌಟು ಪಾತ್ರೆಯಲ್ಲೇ ನಿಂತಿತು. "ಹೊಟ್ಟೇಲಿ ಮಗು ಇಟ್ಕೊಂಡು ಸತ್ತವರ ಮಾತು ಆಡಬೇಡ," ಎಂದರು ಅವರು. ಮರುದಿನದಿಂದ ಅಳತೆ ಪುಸ್ತಕ ಮೇಜಿನ ಖಾನೆಯಲ್ಲಿರಲಿಲ್ಲ. ಗಂಡನನ್ನು ಕೇಳಿದರೆ ಅವನು ಗೋಡೆಯ ಕಡೆಗೆ ಮಗ್ಗುಲಾದ. ಆ ಮನೆಯಲ್ಲಿ ತನ್ನೊಬ್ಬಳಿಗೇ ಗೊತ್ತಿಲ್ಲದ್ದು ಏನೋ ಇದೆ, ಅದು ತಲೆಯ ಮೇಲೇ ಉಸಿರಾಡುತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು. ಅಂದಿನಿಂದ ಒಬ್ಬಳೇ ಇರುವಾಗ ಅವಳು ಸೂರು ನೋಡುವುದನ್ನೇ ಬಿಟ್ಟಳು.

ಮುಂದಿನ ಭಾನುವಾರ ಓದುತ್ತಿದ್ದದ್ದು ಹೊಳೆಯಲ್ಲಿ ಸಿಕ್ಕಿಕೊಂಡ ಒಬ್ಬ ದೋಣಿಯವನ ಕಥೆ. ಕೊನೆಯ ಅಧ್ಯಾಯದ ಮೊದಲ ಎರಡು ಪುಟ ಸೊಸೆಯ ಪಾಲಿಗೆ ಬಂತು. ಅವಳು ಬೇಕೆಂದೇ ಮೆಲ್ಲಗೆ ಓದಿದಳು.

"ಜೋರಾಗಮ್ಮ," ಎಂದರು ಮಾವ.

ಅವಳು ಇನ್ನೂ ಮೆಲ್ಲಗೆ ಓದಿದಳು. ಮಾವ ಕಣ್ಣಿಂದ ಬೇಡಿಕೊಂಡಂತೆ ನೋಡಿದರು. ದೋಣಿ ಸುಳಿಗೆ ಸಿಕ್ಕಿದ ಸಾಲಿಗೆ ಬಂದು ಅವಳು ಪೂರ್ತಿ ನಿಲ್ಲಿಸಿದಳು. ಮೇಲಿಂದ ಟಕ್ ಟಕ್. ಅವಳು ಸಾಲಿನ ಮೇಲೆ ಬೆರಳಿಟ್ಟು ಕಾದಳು. ಮತ್ತೆ ಟಕ್ ಟಕ್, ಈ ಸಲ ಅವಸರದ್ದು. ಪೋಸ್ಟ್‌ಮ್ಯಾನ್ ಅಜ್ಜ ನಗಲು ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡ.

ಆಗ ಧೊಪ್ಪೆಂದು ಏನೋ ಬಿತ್ತು. ಬಿದ್ದದ್ದು ಹಲಗೆಯನ್ನು ದಬದಬ ಬಡಿಯತೊಡಗಿತು. ಸೂರಿನಿಂದ ಧೂಳು ಉದುರಿ ತೆರೆದ ಪುಸ್ತಕದ ಮೇಲೆ ಬಿತ್ತು.

"ಹೆಗ್ಗಣ," ಎಂದರು ಅತ್ತೆ. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಹೆಗ್ಗಣಕ್ಕೆ ಹಿಮ್ಮಡಿ ಇರಲ್ಲ ಅತ್ತೆ. ಬೀಗದ ಕೈ ಕೊಡಿ."

"ಕೊಡಲ್ಲ! ಕೊಟ್ಟರೆ ಮನೆ ಮಾನ ಬೀದಿ ಪಾಲು."

"ಬೀದಿ ಇಲ್ಲೇ ಕೂತಿದೆ," ಎಂದರು ನರ್ಸಮ್ಮ ಎದ್ದು ನಿಂತು. "ಬಡಿತ ಕೇಳಿದರೇ ಗೊತ್ತಾಗುತ್ತೆ ನಂಗೆ, ಅದು ಮೂರ್ಛೆ. ದಾರಿ ಬಿಡಿ."

ಅತ್ತೆ ಮೆಟ್ಟಿಲಿಗೆ ಅಡ್ಡ ನಿಂತರು. ಅವರಿಗೆ ಕೋಪಕ್ಕಿಂತ ಅಳು ಹೆಚ್ಚಿತ್ತು. "ನೀವೆಲ್ಲ ಈಗ ದೊಡ್ಡ ಮಾತಾಡ್ತೀರಿ. ಅವಳು ಶಾಲೇಲಿ ಬಿದ್ದ ದಿನ ಏನಂದ್ರಿ? ಆ ರೋಗದ ಮನೆಯಿಂದ ಹೆಣ್ಣು ತರಲ್ಲ, ಆ ಮನೆಗೆ ಹೆಣ್ಣು ಕೊಡಲ್ಲ ಅನ್ನೋದು ಊರಿಗೂರೇ ನಡೆಸ್ಕೊಂಡು ಬಂದ ಪದ್ಧತಿ. ಒಬ್ಬಳಿಗೋಸ್ಕರ ಇದ್ದೊಬ್ಬ ಮಗನ ಬಾಳು ಹಾಳು ಮಾಡಲಾ? ಸತ್ತಳು ಅಂದ್ವಿ. ಉಪವಾಸ ಕೆಡವಿದ್ವಾ? ಹೊಡೆದ್ವಾ?" ಅವರು ಸೊಸೆಯ ಕಡೆ ತಿರುಗಿದರು. "ನೀನೇ ಹೇಳೇ. ಇವಳು ಇದ್ದಾಳೆ ಅಂತ ಗೊತ್ತಿದ್ದರೆ ನಿಮ್ಮಪ್ಪ ನಿನ್ನನ್ನ ಈ ಮನೆಗೆ ಕೊಡ್ತಿದ್ದನಾ?"

ಸೊಸೆಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕೊಡ್ತಿರಲಿಲ್ಲ ಅತ್ತೆ. ಅದು ನಮ್ಮಪ್ಪನ ತಪ್ಪು. ಅದಕ್ಕೆ ಅವಳು ಯಾಕೆ ಸಾಯಬೇಕಿತ್ತು?" ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ನಾಳೆ ಇದಕ್ಕೂ ಆ ರೋಗ ಬಂದರೆ ಯಾವ ಕೋಣೇಲಿ ಇಡ್ತೀರಿ? ಈಗಲೇ ಹೇಳಿಬಿಡಿ. ನಾನು ನಿಂತ ಕಾಲಲ್ಲೇ ಈ ಮನೆ ಬಿಡ್ತೀನಿ."

ಅತ್ತೆ ಮೆಟ್ಟಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಟೈಲರ್ ಮಾವ ಕತ್ತಿನ ಅಳತೆ ಟೇಪು ಸರಿಸಿ, ಅಂಗಿಯೊಳಗಿಂದ ದಾರಕ್ಕೆ ಕಟ್ಟಿದ ಬೀಗದ ಕೈ ತೆಗೆದು ಸೊಸೆಯ ಅಂಗೈಯಲ್ಲಿಟ್ಟರು. ಅದು ಮೈಯ ಬಿಸಿಗೆ ಬೆಚ್ಚಗಿತ್ತು.

ಮಾಳಿಗೆಯಲ್ಲಿ ಗೆದ್ದಲು ಇರಲಿಲ್ಲ, ಬಟ್ಟೆಯ ಗಂಟುಗಳೂ ಇರಲಿಲ್ಲ. ಗುಡಿಸಿ ಒರೆಸಿದ ನೆಲ, ಮಡಿಸಿದ ಹಾಸಿಗೆ, ಹೊರಗಿನಿಂದ ಹಲಗೆ ಹೊಡೆದು ಮುಚ್ಚಿದ ಕಿಟಕಿ. ನೆಲದ ಮೇಲೆ ಗೋಡೆಯ ಫೋಟೊದ ಹುಡುಗಿಯೇ ಬಿದ್ದು ಒದ್ದಾಡುತ್ತಿದ್ದಳು. ಅದೇ ಎರಡು ಜಡೆ, ಅದೇ ನೀಲಿ ಹೂವಿನ ಬಟ್ಟೆ, ಒಳಗಿನ ಮೈ ಮಾತ್ರ ಇಪ್ಪತ್ತನಾಲ್ಕರ ಹೆಣ್ಣಿನದು. ಹನ್ನೊಂದು ವರ್ಷ ಬಿಸಿಲು ಕಾಣದ ಚರ್ಮ ಮೇಣದ ಬಣ್ಣಕ್ಕೆ ತಿರುಗಿತ್ತು. ಪೋಸ್ಟ್‌ಮ್ಯಾನ್ ಅಜ್ಜ ಬಾಗಿಲು ದಾಟದೆ ಅಲ್ಲೇ ನಿಂತ. ಇವಳು ಸತ್ತಳೆಂದು ಬಂದ ಸಾಂತ್ವನದ ಪತ್ರಗಳನ್ನು ಮನೆಗೆ ತಂದುಕೊಟ್ಟವನು ಅವನೇ.

ಹಿಂದೆಯೇ ಓಡಿಬಂದ ಅತ್ತೆ, ಕಬ್ಬಿಣ ಹಿಡಿದರೆ ಮೂರ್ಛೆ ಬಿಡುತ್ತದೆಂಬ ನಂಬಿಕೆಯಿಂದ ಮಗಳ ಮಣಿಕಟ್ಟಿಗೆ ಕಟ್ಟಿದ್ದ ತುಕ್ಕು ಹಿಡಿದ ಕಬ್ಬಿಣದ ಬೀಗದ ಕೈಯನ್ನು ಅವಳ ಮುಷ್ಟಿಗೆ ತುರುಕಲು ನೋಡಿದರು. ನರ್ಸಮ್ಮ ಅದನ್ನು ಬಿಚ್ಚಿ ಎಸೆದರು. "ಕಬ್ಬಿಣ ಬೇಡ, ಮಂತ್ರ ಬೇಡ. ಗಟ್ಟಿಯಾಗಿ ಹಿಡ್ಕೋಬೇಡಿ, ಬಾಯಿಗೆ ಏನೂ ಹಾಕಬೇಡಿ. ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡಿ. ಮಗ್ಗುಲಿಗೆ ತಿರುಗಿಸ್ತೀನಿ. ಅಷ್ಟೇ." ಅವರು ಗಡಿಯಾರ ನೋಡುತ್ತಾ ಕುಳಿತರು. ಎರಡು ನಿಮಿಷಕ್ಕೆ ಮೈ ಸಡಿಲವಾಯಿತು. "ಇದು ಶಾಪ ಅಲ್ಲ, ದೆವ್ವ ಅಲ್ಲ, ಅಂಟುರೋಗವೂ ಅಲ್ಲ ತಾಯಿ. ಡಾಕ್ಟರು ಕೊಟ್ಟ ಮಾತ್ರೆ ದಿನಾ ತಪ್ಪದೆ ತಗೊಂಡು, ಸಂಸಾರ ನಡೆಸಿ, ಮೊಮ್ಮಕ್ಕಳನ್ನ ಆಡಿಸ್ತಿರೋ ಎಷ್ಟು ಜನರನ್ನ ತೋರಿಸಲಿ ನಿಮಗೆ? ಹನ್ನೊಂದು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರಾ?"

ದೂರದೂರಿನ ಚಿಕಿತ್ಸೆಯೂ ಸುಳ್ಳೇ ಆಗಿತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸೊಸೆ ನೆಲ ನೋಡುತ್ತಿದ್ದಳು. ಹಲಗೆಯಲ್ಲಿ ಮರದ ಗಂಟು ಉದುರಿ ಆದ ತೂತೊಂದಿತ್ತು, ಸರಿಯಾಗಿ ಓದುವ ಮೇಜಿನ ಮೇಲಕ್ಕೆ. ಅದರ ಸುತ್ತಲಿನ ಮರ ಕೆನ್ನೆ ಉಜ್ಜಿ ಉಜ್ಜಿ ನಯವಾಗಿ ಹೊಳೆಯುತ್ತಿತ್ತು. ಮಾವನ ಕಿವಿ ಭಾನುವಾರ ಮಾತ್ರ ಯಾಕೆ ಮಂದವಾಗುತ್ತಿತ್ತೆಂದು ಅವಳಿಗೆ ಆಗ ಅರ್ಥವಾಯಿತು. ಅಳುವೂ ಬಂತು, ಸಿಟ್ಟೂ ಬಂತು. ಮಗಳಿಗೆ ಕಥೆ ಕೇಳಿಸಲು ಊರನ್ನೇ ಮನೆಗೆ ಕರೆದ ಅಪ್ಪ, ಒಂದು ಬಾಗಿಲು ತೆರೆಯುವ ಧೈರ್ಯ ಮಾಡಿರಲಿಲ್ಲ.

ಹುಡುಗಿ ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು. ಇಷ್ಟು ಮುಖಗಳನ್ನು ಕಂಡು ಹೆದರಿ ಕಣ್ಣು ಮುಚ್ಚಿದಳು.

"ಹೆದರಬೇಡಮ್ಮ, ನಾನು ನಿನ್ನ ಅತ್ತಿಗೆ," ಎಂದಳು ಸೊಸೆ.

ದನಿ ಕೇಳಿ ಹುಡುಗಿಯ ಹಣೆಯ ಗಂಟು ಬಿಚ್ಚಿತು. "ನೀವು ಗೊತ್ತು," ಎಂದಳು ಕಣ್ಣು ತೆರೆಯದೆ. "ಸಾಲಿನ ಕೊನೇಲಿ ಉಸಿರು ಹಿಡೀತೀರಿ. ಇವತ್ತು ಯಾಕೆ ನಿಲ್ಲಿಸಿಬಿಟ್ರಿ? ದೋಣಿಯವನು ದಡ ಸೇರಿದನಾ?"

ಓದುಗರೇ, ಬೀದಿಗೆ ಬುದ್ಧಿ ಬಂತು ಎಂದು ಬರೆಯಲು ನನಗೂ ಆಸೆ. ಆದರೆ ಆ ವಾರವೆಲ್ಲ ಅಂಗಡಿಗೆ ಗಿರಾಕಿಗಳು ವಿರಳವಾದರು. ಸೊಸೆಯ ತಂದೆ ಬಂದು, "ಮೋಸ ಆಯ್ತು, ನಡಿ ಮನೆಗೆ," ಎಂದು ಅಂಗಳದಲ್ಲಿ ನಿಂತು ಕೂಗಾಡಿದರು. "ಸುಳ್ಳು ಹೇಳಿದ್ದು ಮೋಸಾನೇ ಅಪ್ಪ. ಆದರೆ ನಿಮ್ಮಂಥವರಿಗೆ ಹೆದರಿಯೇ ಹೇಳಿದ್ದು. ನಾನು ಬರಲ್ಲ," ಎಂದಳು ಅವಳು. ಆ ದಿನ ಗಂಡ ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದ. ಮರುದಿನ ರಜೆ ಹಾಕಿ ತಂಗಿಯನ್ನು ನರ್ಸಮ್ಮನ ಜೊತೆ ಆಸ್ಪತ್ರೆಗೆ ಕರೆದೊಯ್ದ. ದಾರಿಯಲ್ಲಿ ಅವಳು ಬಿಸಿಲಿಗೆ ಕಣ್ಣು ಬಿಡಲಾರದೆ ಅವನ ತೋಳು ಹಿಡಿದು ನಡೆದಳು.

ಭಾನುವಾರ ಬಂತು. ಮಾವ ಎಂದಿನಂತೆ ಹದಿಮೂರು ಕುರ್ಚಿ ಹಾಕಿದರು. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ನರ್ಸಮ್ಮ ಬಂದರು, ಪೋಸ್ಟ್‌ಮ್ಯಾನ್ ಅಜ್ಜ ಬಂದ, ಇನ್ನೂ ಮೂವರು ಬಂದರು. ಬೇಕರಿಯ ಹೆಂಗಸು ಬರಲೇ ಇಲ್ಲ, ಅವಳಿಗೆ ಮದುವೆಗೆ ಬಂದ ಮಗಳಿದ್ದಳು. ಐದು ಕುರ್ಚಿ ಖಾಲಿ ಉಳಿದವು.

ಹುಡುಗಿ ಅಮ್ಮನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು, ಬರಬೇಕಾದವರ ಕುರ್ಚಿಯಲ್ಲಿ ಅಂಚಿಗೆ ಕುಳಿತಳು. ಹೊರಗಿನ ಬಾಗಿಲು ತೆರೆದೇ ಇತ್ತು. ಪೋಸ್ಟ್‌ಮ್ಯಾನ್ ಅಜ್ಜ ಗಂಟಲು ಸರಿಪಡಿಸಿಕೊಂಡ. "ಕೆಮ್ಮೋ ತಾತ," ಎಂದಳು ಅವಳು, ಆ ಸದ್ದಿನಲ್ಲೇ ಗುರುತು ಹಿಡಿದು. ಅವನ ಕಣ್ಣಲ್ಲಿ ನೀರು ಬಂತು.

ದೋಣಿಯವನ ಕಥೆ ನಿಂತಲ್ಲಿಂದಲೇ ಸೊಸೆ ಶುರು ಮಾಡಿದಳು. ಮಾವನ ಅಭ್ಯಾಸ ನೆನೆದು, ಮೊದಲ ಸಾಲನ್ನೇ ಸೂರು ಮುಟ್ಟುವಂತೆ ಜೋರಾಗಿ ಓದಿದಳು. ಮಾವ ಮಗಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತರು.

"ಅಷ್ಟು ಜೋರು ಬೇಡಮ್ಮ," ಎಂದರು. "ಮೆಲ್ಲಗೆ ಓದು. ನಂಗೆ ಕೇಳಿಸುತ್ತೆ."