ಮೈಲಾರಪ್ಪನ ಎಡಗೆನ್ನೆ

ನಾನು ಒಂದು ಮಾಸ್ಕ್. ನೀವು ಕಿವಿಗೆ ಸಿಕ್ಕಿಸಿಕೊಳ್ಳುವ ಬಟ್ಟೆಯ ತುಂಡಲ್ಲ, ಅದರ ಜೊತೆ ದಯವಿಟ್ಟು ನನ್ನನ್ನು ಸೇರಿಸಬೇಡಿ. ಮೊದಲು ನಾನೊಂದು ಬಿಳಿಯ ಪ್ಲಾಸ್ಟಿಕ್ ಹಾಳೆ, ಮೈತುಂಬ ಜಾಲರಿಯಂತೆ ತೂತು. ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನನ್ನನ್ನು ಬಿಸಿನೀರಿಗೆ ಹಾಕಿ ಮೆತ್ತಗೆ ಮಾಡಿ, ಒಬ್ಬ ಮನುಷ್ಯನ ಮುಖದ ಮೇಲೆ ಎಳೆದು ಒತ್ತಿದರು. ಸ್ವಲ್ಪ ಹೊತ್ತಿನಲ್ಲಿ ಆರಿ ಗಟ್ಟಿಯಾದೆ. ಅಂದಿನಿಂದ ನನಗೂ ಹಣೆ, ಮೂಗು, ಗದ್ದ.

ಆ ಮುಖ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಮೈಲಾರಪ್ಪನದು. ಇಪ್ಪತ್ತು ವರ್ಷ ಎಡಗೆನ್ನೆಯಲ್ಲಿ ಗುಟ್ಕಾ ಇಟ್ಟವನು. ಅಲ್ಲೇ ಹುಣ್ಣಾಗಿ, ಕ್ಯಾನ್ಸರ್ ಎಂದು ಗೊತ್ತಾಗಿ, ಆಪರೇಷನ್ ಮುಗಿದು ನಾಲ್ಕು ವಾರವಾಗಿತ್ತು. ಉಳಿದದ್ದು ರೇಡಿಯೇಷನ್. ಜನ ಅದನ್ನು ಕರೆಂಟು ಎನ್ನುತ್ತಾರೆ. ಆಗ ತಲೆ ಕೂದಲೆಳೆಯಷ್ಟೂ ಅಲುಗದಂತೆ ಹಿಡಿಯುವುದು ನನ್ನ ಕೆಲಸ, ಮೂವತ್ತು ದಿನ.

ನನ್ನನ್ನು ಮಾಡಿದ ಮೆಹರ್ ಸಿಸ್ಟರ್ ಅವನಿಗೂ ಅವನ ಹೆಂಡತಿ ನೀಲವ್ವನಿಗೂ ಬಿಡಿಸಿ ಹೇಳಿದಳು: "ಹತ್ತು ದಿನಕ್ಕ ಬರ್ರಿ ಅಣ್ಣಾರ. ಆಪರೇಷನ್ ಆಗಿ ಆರು ವಾರದೊಳಗ ಕರೆಂಟು ಶುರು ಆಗ್ಬೇಕು. ಕಣ್ಣಿಗೆ ಕಾಣದ್ದು ಒಳಗ ಉಳಿದಿರ್ತೈತಿ. ತಡಾ ಮಾಡಿದ್ರ ಮತ್ತ ಬೆಳೀತೈತಿ."

ನೀಲವ್ವ ತಲೆಯಾಡಿಸಿದಳು. ಆದರೆ ಅವಳ ಕಣ್ಣು ಬಾಗಿಲಾಚೆಯ ಬೆಂಚಿನ ಮೇಲಿತ್ತು. ಕರೆಂಟಿನಿಂದ ಬಾಯೆಲ್ಲ ಹುಣ್ಣಾದ ಒಬ್ಬರು ಅಲ್ಲಿ ಒಂದು ಗುಟುಕು ನೀರು ನುಂಗಲಾರದೆ ಅಳುತ್ತಿದ್ದರು.

ನನ್ನ ಮೇಲೆ ಹೆಸರು ಬರೆದು ಕಪಾಟಿನಲ್ಲಿಟ್ಟರು. ಅಕ್ಕಪಕ್ಕದ ಮಾಸ್ಕ್‌ಗಳು ದಿನಾ ಇಳಿದು ಕೆಲಸಕ್ಕೆ ಹೋಗುತ್ತಿದ್ದವು. ಹತ್ತನೆಯ ದಿನ ನಾನೂ ಸಿದ್ಧವಾಗಿ ಕೂತೆ. ಮೈಲಾರಪ್ಪ ಬರಲಿಲ್ಲ. ಮೆಹರ್ ಮೂರು ಸಲ ಫೋನ್ ಮಾಡಿದಳು. "ಬರ್ತೀವ್ರಿ" ಎಂದರಂತೆ. ಆರು ವಾರ ದಾಟಿತು.

ಬಂದದ್ದು ಹದಿಮೂರನೆಯ ವಾರ. ನೀಲವ್ವನ ಮುಖದಲ್ಲಿ ಅಳುಕಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

"ಸಿಟ್ಟಾಗಬ್ಯಾಡ್ರಿ ಸಿಸ್ಟರ್. ಆಗಷ್ಟ ಗಂಜಿ ನುಂಗಾಕ ಹತ್ತಿದ್ರು. ಕರೆಂಟು ಕೊಟ್ರ ಮತ್ತ ಬಾಯಿ ಸುಡ್ತೈತಿ ಅಂತ ನಾನ ತಡದೆ. ಉಂಡು ಗಟ್ಟಿ ಆಗ್ಲಿ, ಆಮ್ಯಾಲೆ ಹೋಗೂಣು ಅಂದೆ. ನೋಡ್ರಿ, ಹೆಂಗ ಮೈ ಬಂದೈತಿ."

ಮೆಹರ್ ನನ್ನನ್ನು ಅವನ ಮುಖದ ಮೇಲಿಟ್ಟಳು. ಬಲಗಡೆ ಸರಿಯಾಗಿ ಕೂತೆ. ಎಡಗಡೆ ಕೂರಲಿಲ್ಲ. ಒತ್ತಿದಳು. ಮೈಲಾರಪ್ಪ ನರಳಿದ.

"ಕೆನ್ನಿ ತುಂಬ್ಯಾವಲ್ರೀ, ಅದಕ್ಕ" ಎಂದು ನೀಲವ್ವ ನಕ್ಕಳು.

ಉಂಡದ್ದು ಒಂದೇ ಕೆನ್ನೆಗೆ ಹೋಗುವುದಿಲ್ಲ. ಅದು ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು. ನನಗೆ ಬಾಯಿಯ ಆಕಾರವಿದೆ, ಮಾತಿಲ್ಲ. ಮೆಹರ್ ನನ್ನನ್ನು ಮೆಲ್ಲಗೆ ತೆಗೆದಳು, ನೀಲವ್ವನ ಕಡೆ ನೋಡದೆ ಡಾಕ್ಟರನ್ನು ಕರೆಯಲು ಹೋದಳು.

ಊದಿದ ಕೆನ್ನೆಗೆ ಬೇರೆ ಮಾಸ್ಕ್ ಮಾಡಿದರು. ಅದು ಕೆಲಸ ಮಾಡಿದ್ದು ಹನ್ನೊಂದೇ ದಿನ. ದೀಪಾವಳಿಗೆ ಮೊದಲೇ ಮೈಲಾರಪ್ಪ ತೀರಿಕೊಂಡ.

ಎರಡು ತಿಂಗಳ ಮೇಲೆ ನೀಲವ್ವ ಒಬ್ಬಳೇ ಬಂದಳು. "ಮೊದಲ ಮಾಡಿದ್ದು ಕೊಡ್ರಿ. ನನಗ ಆ ಮುಖ ಬೇಕು" ಎಂದಳು. ಮೆಹರ್ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ಬಿಸಿನೀರು ಮುಟ್ಟಸಬ್ಯಾಡ್ರಿ ಅಕ್ಕಾರ. ಇದು ಮತ್ತ ಹಾಳಿ ಆಗ್ತೈತಿ. ಮುಖ ಹೋಗ್ತೈತಿ."

ಈಗ ನಾನು ಬ್ಯಾಡಗಿಯಲ್ಲಿ, ಅವಳ ಮನೆಯ ಗೋಡೆಯ ಗೂಡಿನಲ್ಲಿದ್ದೇನೆ. ಹುಟ್ಟಿದ ಕೆಲಸವನ್ನು ಒಂದು ದಿನವೂ ಮಾಡಲಿಲ್ಲವಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಊರ ತುಂಬ ಮೆಣಸಿನಕಾಯಿಯ ಧೂಳು, ನನ್ನ ತೂತುಗಳಲ್ಲೂ ಅದೇ. ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿದು ಬಂದವಳು ಕೈಯ ಖಾರ ಹೋಗುವವರೆಗೂ ತೊಳೆದುಕೊಂಡು, ಆಮೇಲೆ ನನ್ನನ್ನು ತೊಳೆಯುತ್ತಾಳೆ. ಎಡಗೆನ್ನೆಯ ಒಳಗೆ ಬೆರಳಾಡಿಸುತ್ತಾಳೆ.

"ಅವತ್ತ ಇಲ್ಲಿ ಏನೂ ಇದ್ದಿಲ್ಲ."

ಹೌದು ತಾಯಿ, ಇರಲಿಲ್ಲ. ಅದಕ್ಕೆ ನಾನೇ ಸಾಕ್ಷಿ.

ಕೊರೆಯುವ ಚಳಿಯಲ್ಲೂ, ಪಕ್ಕದ ಹಂಡೆಯಲ್ಲಿ ನೀರು ಕಾದು ಕುದಿಯುತ್ತಿದ್ದರೂ, ಅವಳು ನನಗೆ ಬಿಂದಿಗೆಯ ತಣ್ಣೀರನ್ನೇ ಹಾಕುತ್ತಾಳೆ. ಮೆಹರ್ ಹೇಳಿದ ಆ ಮಾತನ್ನು ಅವಳು ಒಂದು ದಿನವೂ ಮೀರಿಲ್ಲ.