ಹಿಡಿಯಿಲ್ಲದ ಲೋಟಗಳು

ಬಿಸಿಲಿಗೆ ಕಾದ ಟಾರ್ಪಾಲಿನ ವಾಸನೆ, ಅದರೊಳಗೆ ಒಂದಿಷ್ಟು ಡೀಸೆಲ್ಲು, ಒಂದಿಷ್ಟು ಗೋಣಿತಾಟು — ಅಪ್ಪ ಲಾರಿ ಓಡಿಸುತ್ತಿದ್ದರು, ಬೇಸಿಗೆ ರಜೆಯ ಮಧ್ಯಾಹ್ನ ಮನೆಯೆದುರು ನಿಂತ ಲಾರಿಯ ಹಿಂಬದಿ ಹತ್ತಿ ಟಾರ್ಪಾಲಿನಡಿ ಅಂಗಾತ ಮಲಗಿದರೆ ತೂತುಗಳಿಂದ ಬಿಸಿಲಿನ ಚುಕ್ಕೆಗಳು ಹೊಟ್ಟೆಯ ಮೇಲೆ ಬೀಳುತ್ತಿದ್ದವು, ಅವನ್ನು ಒಂದೊಂದಾಗಿ ಅಂಗೈಯಲ್ಲಿ ಹಿಡಿಯುವುದೇ ಆಟ, ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲ, ಆಗ ಅದೇ ಸುಖ — ಈಗ ಅದೇ ವಾಸನೆ ಮೇಳದ ಡೇರೆಯಿಂದ ಇಳಿದು ಮೂಗಿಗೆ ಬರುತ್ತಿದೆ, ಈಗಲೂ ಯಾರೂ ಹುಡುಕಿಕೊಂಡು ಬರುವುದಿಲ್ಲ, ಅರವತ್ತಾರು ದಾಟಿದ ಮೇಲೆ ಅದನ್ನು ಸುಖ ಅನ್ನಬೇಕೋ ಬೇಡವೋ ಅವಳಿಗೆ ತಿಳಿಯದು. ಕೆರೆಯ ದಂಡೆಯ ಉದ್ಯಾನದಲ್ಲಿ ಬೇಸಿಗೆಯ ಕಲಾಮೇಳ, ಮೂರನೆಯ ದಿನ, ಕೊನೆಯ ದಿನ, ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಸಂಸಾರಗಳು ಉರುಳಾಡುತ್ತಿವೆ, ಒಬ್ಬ ಗಂಡಸು ಮುಖದ ಮೇಲೆ ಪತ್ರಿಕೆ ಮುಚ್ಚಿಕೊಂಡು ನಿದ್ದೆ ಹೊಡೆಯುತ್ತಿದ್ದಾನೆ, ಹೆಂಡತಿ ಸದ್ದಿಲ್ಲದೆ ಛತ್ರಿಯನ್ನು ಅವನ ಕಡೆ ವಾಲಿಸಿ ತಾನು ಬಿಸಿಲಿಗೆ ಸರಿದಳು, ಅವನಿಗೆ ಗೊತ್ತೇ ಆಗಲಿಲ್ಲ, ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಮಾಡುವುದರಲ್ಲಿ ಒಳ್ಳೆಯದೂ ಇರುತ್ತದೆ, ಕೆಟ್ಟದ್ದೂ — ಹಿಡಿ ಇರೋ ಲೋಟ ಇಲ್ವಾಮ್ಮಾ, ಹಸಿರು ಟೋಪಿಯ ಹೆಂಗಸು ಅವಳ ಮಣ್ಣಿನ ಲೋಟಗಳ ಮೇಜಿನ ಮುಂದೆ ಬಗ್ಗಿ ಕೇಳುತ್ತಿದ್ದಾಳೆ, ಇಲ್ಲಮ್ಮ, ಇವನ್ನ ಎರಡೂ ಕೈಲಿ ಹಿಡ್ಕೊಂಡು ಕುಡೀಬೇಕು, ಬಿಸಿ ಇದ್ರೋ, ಬಿಸಿ ಇದ್ರೆ ಆರೋವರೆಗೂ ಕಾಯ್ಬೇಕಮ್ಮ. ಹೆಂಗಸು ನಕ್ಕಳು, ಎಲ್ಲರೂ ನಗುತ್ತಾರೆ, ನಾಲ್ಕು ಬೇಸಿಗೆಯಿಂದ ಇದೇ ಮಾತು, ಇದೇ ನಗು, ಕಾಯಬೇಕು ಎನ್ನುವ ಮಾತು ಮಾತ್ರ ತನ್ನ ನಾಲಗೆಯನ್ನು ಪ್ರತಿಸಲವೂ ಸುಡುತ್ತದೆ ಎಂಬುದು ಅವರಿಗೇನು ಗೊತ್ತು.

ಲೋಟದ ಮೈ ಇವಳದು, ಹಿಡಿ ನಾದಿನಿಯದು, ಇಪ್ಪತ್ತೆರಡು ವರ್ಷ ಹಾಗೆಯೇ ನಡೆದಿತ್ತು. ತಿರುಗುವ ತಿಗುರಿಯ ಮೇಲೆ ಲೋಟ ಎಬ್ಬಿಸಿ ಹಲಗೆಗೆ ಇಟ್ಟರೆ, ಆಚೆ ಕಿಟಕಿಯ ಪಕ್ಕ ಕೂತ ನಾದಿನಿ ಮಣ್ಣಿನ ಗಡ್ಡೆಯೊಂದನ್ನು ಎಡಗೈಯಲ್ಲಿ ತೂಗಿ ಹಿಡಿದು, ಬಲಗೈಯನ್ನು ನೀರಿಗದ್ದಿ, ಹಾಲು ಕರೆಯುವ ಹಾಗೆ ಮೇಲಿನಿಂದ ಕೆಳಗೆ ಸವರಿ ಸವರಿ ಹಿಡಿ ಎಳೆಯುತ್ತಿದ್ದಳು, ಮಣ್ಣು ಉದ್ದವಾಗಿ ನುಣ್ಣಗೆ ಇಳಿದು ಬರುತ್ತಿತ್ತು, ಅದನ್ನು ಮೈಗೆ ಅಂಟಿಸಿ ಬೆರಳಿನಿಂದ ಒಂದು ಸಲ ಒತ್ತಿದರೆ ಮುಗಿಯಿತು, ಲೋಟಕ್ಕೆ ಅದು ಹುಟ್ಟುವಾಗಲೇ ಇತ್ತು ಅನ್ನಿಸಬೇಕು, ಹಾಗೆ. ಅತ್ತಿಗೆ, ನಿಮ್ಮ ಲೋಟ ಇವತ್ತು ಯಾಕೋ ಸೊಂಟ ವಾಲಿಸ್ಕೊಂಡು ನಿಂತಿದೆ, ನಾನೇ ಕೈ ಹಿಡಿದು ನಡೆಸ್ಬೇಕೇನೋ, ಅನ್ನುವಳು, ಮಾತಿನಲ್ಲಿ ಮಹಾ ತುಂಟಿ. ಮದುವೆಯ ಗೊಡವೆಗೇ ಹೋಗದೆ ಅಣ್ಣ ಪಾತ್ರೆ ಸುಡುವ ಆವಿಗೆಯ ಪಕ್ಕ ಬೆಳೆದವಳು, ಅಣ್ಣ — ಇವಳ ಗಂಡ — ತೀರಿಕೊಂಡ ವಾರವೇ ಕೈಗೆ ಮಣ್ಣು ಹಚ್ಚಿಕೊಂಡು ಕೂತು, ಏಳಿ ಅತ್ತಿಗೆ, ಮಣ್ಣು ಒಣಗ್ತಿದೆ, ಎಂದವಳು, ಬೇರೆ ಯಾವ ಸಮಾಧಾನದ ಮಾತೂ ಅಲ್ಲ, ಅಷ್ಟೇ, ಅಷ್ಟರಿಂದಲೇ ತಾನು ಎದ್ದು ಕೂತದ್ದು. ಈಗ ನಾದಿನಿ ಎದುರು ಸಾಲಿನ ಮೂರನೆಯ ಡೇರೆಯಲ್ಲಿ ಬಟ್ಟೆಚೀಲ ಮಾರುತ್ತಾಳೆ, ಮಣ್ಣು ಮುಟ್ಟುವುದಿಲ್ಲ, ಹೊಲಿಗೆಯವಳೊಬ್ಬಳ ಮನೆಯ ಮಹಡಿಯ ಕೋಣೆಯಲ್ಲಿ ಇದ್ದಾಳೆ. ಜಗಳವಾಡಿ ಹೋಗಿದ್ದರೆ ಎಂದಾದರೂ ಒಂದು ದಿನ ಜಗಳ ತೀರಬಹುದಿತ್ತು, ಜಗಳವೇ ಆಗಲಿಲ್ಲ, ಮೊನ್ನೆ ಡೇರೆ ಕಟ್ಟುವಾಗ ಗಾಳಿಗೆ ಬಿದಿರಿನ ಗಳು ಜಾರಿದಾಗ ಎಲ್ಲಿಂದಲೋ ಬಂದು ಇನ್ನೊಂದು ತುದಿ ಹಿಡಿದು ನಿಂತಳು, ಚೆನ್ನಾಗಿದೀರಾ ಅತ್ತಿಗೆ, ಚೆನ್ನಾಗಿದೀನಮ್ಮ, ನೀನು, ನಾನೂ ಚೆನ್ನಾಗಿದೀನಿ, ಗಂಟು ಬಿಗಿದು ಹೊರಟೇ ಹೋದಳು. ಅತ್ತಿಗೆ ಎಂದು ಕರೆಯುವ ಗಂಟಲು ಈ ಭೂಮಿಯ ಮೇಲೆ ಈಗ ಅದೊಂದೇ.

ಟೀ ತಗೊಳ್ಳಿ ಅಕ್ಕ, ಪಕ್ಕದ ಡೇರೆಯ ಮರಗೆಲಸದವನು, ಚಮಚ ಸೌಟು ಗೊಂಬೆ ಕೆತ್ತುವವನು, ಮೊದಲ ದಿನವೇ ಇವಳ ಮೇಜು ಅಲ್ಲಾಡುವುದನ್ನು ನೋಡಿ, ಕೇಳದೆ, ಹೇಳದೆ, ಕಾಲಿನಡಿಗೆ ಮರದ ಚೂರೊಂದನ್ನು ಸೇರಿಸಿ ಹೋಗಿದ್ದ. ಇವತ್ತು ಮಳೆ ಬರುತ್ತಂತೆ ರೇಡಿಯೋದಲ್ಲಿ ಹೇಳಿದ್ರು, ಅವರು ಹೇಳಿದ್ರು ಅಂದ್ರೆ ಬರಲ್ಲ ಬಿಡಿ — ಅಂದ ಹಾಗೆ ನಿಮ್ಮ ನಾದಿನಿ ವಿಷಯ ಗೊತ್ತಾಯ್ತಾ, ಆ ಕುಂಬಾರಿಕೆ ಶಾಲೆ ಮೇಷ್ಟ್ರು, ಗೇಟಿನ ಹತ್ರ ಕೂತಿರೋ ಉದ್ದನೆ ಆಸಾಮಿ, ನಮ್ಮ ಮಕ್ಕಳಿಗೆ ಹಿಡಿ ಎಳೆಯೋದು ಕಲಿಸಿ ಬನ್ನಿ ಅಂತ ಮೂರು ದಿನದಿಂದ ಗೋಗರೀತಿದಾರೆ, ಇರೋಕೆ ಕೋಣೆ ಕೊಡ್ತಾರಂತೆ, ಊಟನೂ ಅಲ್ಲೇ, ಇವರು ಒಲ್ಲೆ ಅಂತಾರೆ, ಒಂದು ಆವಿಗೆ ಪೂರ್ತಿ ಹಾಳುಮಾಡಿದ ಕೈ ಇದು, ಮಕ್ಕಳು ಮಾಡಿದ ಪಾತ್ರೆ ಹತ್ರ ನಾನು ಸುಳಿಯಲ್ಲ ಅಂದ್ರಂತೆ, ಸಾಯಂಕಾಲ ಮೇಳ ಮುಗಿಯೋದ್ರೊಳಗೆ ಕೊನೇ ಮಾತು ಹೇಳಿ ಅಂದಿದಾರೆ ಮೇಷ್ಟ್ರು, ನೀವಾದ್ರೂ ಒಂದು ಮಾತು ಹೇಳಿ ಅಕ್ಕ, ನಿಮ್ಮ ಮಾತಾದ್ರೆ ಕೇಳ್ತಾರೆ. ಅವಳು ಟೀಯನ್ನು ಕೆಳಗಿಟ್ಟಳು. ನಿಮ್ಮ ಮಾತಾದ್ರೆ ಕೇಳ್ತಾರೆ — ಕೇಳಿದ್ದಳಲ್ಲ, ಆವತ್ತೂ ಕೇಳಿದ್ದಳು, ಕೇಳಿ ನಂಬಿದ್ದಳು, ಅದೇ ಆದದ್ದು.

ಆ ಹೂಜಿ, ಮೊಣಕಾಲೆತ್ತರದ್ದು, ಒಂದು ತಿಂಗಳು ತಿದ್ದಿ ತೀಡಿದ್ದು, ಮೊದಲ ಸಲ ತಾನೇ ಕಲಸಿದ ಮೆರುಗು ಬಳಿದದ್ದು, ನಾಲ್ಕು ವರ್ಷದ ಹಿಂದಿನ ಮೇಳಕ್ಕೆ ಹತ್ತು ದಿನ ಮುಂಚೆ, ಬೆಳಗಿನ ಜಾವ ಬೆಂಕಿ ನಿಲ್ಲಿಸಿದ್ದರು, ಇನ್ನು ಎರಡು ದಿನ ಆವಿಗೆಯನ್ನು ಮುಟ್ಟುವ ಹಾಗಿಲ್ಲ, ತಾನೇ ಆರಬೇಕು, ತಣ್ಣನೆ ಗಾಳಿ ಹೊಕ್ಕರೆ ಒಳಗಿದ್ದದ್ದೆಲ್ಲ ಸೀಳುತ್ತದೆ, ಇದು ಗೊತ್ತಿಲ್ಲದ ಕುಂಬಾರರಿಲ್ಲ, ಮೇಲಿನ ಗಾಳಿಕಂಡಿಯನ್ನು ಹಲಗೆಗಲ್ಲಿನಿಂದ ಮುಚ್ಚುವುದು ನಾದಿನಿಯ ಕೆಲಸ, ಮುಚ್ಚಿ, ಹಲ್ಲು ತೋರಿಸಲು ಡಾಕ್ಟರ ಹತ್ತಿರ ಹೋಗಿದ್ದಳು. ಮಧ್ಯಾಹ್ನ ಮನೆಯಲ್ಲಿ ತಾನೊಬ್ಬಳೇ. ಒಂದು ಸಲ ನೋಡಿದರೆ ಏನಾಗುತ್ತದೆ, ಒಂದೇ ಸಲ, ಆವಿಗೆಯ ಇಟ್ಟಿಗೆ ಬಾಗಿಲಿನ ನಡುವೆ ಒಳಗೆ ಇಣುಕುವ ಕಂಡಿಯಿದೆ, ಅದಕ್ಕೆ ಒಂದೇ ಇಟ್ಟಿಗೆ, ಸುತ್ತ ಮೆತ್ತಿದ ಮಣ್ಣನ್ನು ಚಾಕುವಿನಿಂದ ಕೆರೆದು ಇಟ್ಟಿಗೆ ಎಳೆದಳು — ಒಳಗೆ ಕತ್ತಲೆಯಲ್ಲದ ಕತ್ತಲೆ, ಮಾಗಿದ ದಾಳಿಂಬೆಯ ಕೆಂಪು, ಅದರ ನಡುವೆ ಹೂಜಿ ತಾನೇ ಒಂದು ಕೆಂಡದ ಹಾಗೆ ನಿಶ್ಚಲವಾಗಿ ನಿಂತಿದೆ, ಅಷ್ಟು ಚಂದದ್ದನ್ನು ಅವಳು ಮೊದಲೂ ನೋಡಿರಲಿಲ್ಲ ಆಮೇಲೂ ನೋಡಲಿಲ್ಲ, ಎಷ್ಟು ಹೊತ್ತು ನಿಂತಳೋ — ಇಟ್ಟಿಗೆಯನ್ನು ಮತ್ತೆ ಇಟ್ಟಳು, ಮಣ್ಣು ಮೆತ್ತಲಿಲ್ಲ. ಮೆತ್ತಿದರೆ ಹಸಿ ಮಣ್ಣು ಕಾಣುತ್ತದೆ, ನಾದಿನಿ ಬಂದು ಕೇಳುತ್ತಾಳೆ, ಇಷ್ಟು ವಯಸ್ಸಾಗಿ ತಾನು ಹೀಗೆ ಮಾಡಿದೆ ಅನ್ನಲು ನಾಚಿಕೆ, ಅಷ್ಟೇ, ನಾಚಿಕೆ, ಬೇರೇನಿಲ್ಲ, ಆ ಎರಡು ದಿನವೂ ಬೀಸಿದ ಗಾಳಿ ಎಂಥದು, ಇಟ್ಟಿಗೆಯ ಸುತ್ತ ಬೆರಳು ತೂರುವಷ್ಟು ಸಂದು, ಒಳಗಿನಿಂದ ಟಿಣ್ ಟಿಣ್ ಎಂದು ಸದ್ದು ಬರುತ್ತಿತ್ತು, ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನ ನಾದಿನಿ ಏಳುವ ಮೊದಲೇ ಬಾಗಿಲಿನ ಇಟ್ಟಿಗೆಗಳನ್ನೆಲ್ಲ ತಾನೇ ಬಿಚ್ಚಿ, ಯಾವುದು ಕಂಡಿಯದೆಂದು ತಿಳಿಯದ ಹಾಗೆ ರಾಶಿ ಹಾಕಿದ್ದಳು. ಇನ್ನೂರು ಪಾತ್ರೆ, ಎಲ್ಲಕ್ಕೂ ಕೂದಲೆಳೆಯ ಬಿರುಕು, ಹೂಜಿ ಎರಡು ಹೋಳು. ನಾದಿನಿ ಒಂದು ಲೋಟ ಎತ್ತಿದಳು, ಹಿಡಿ ಕೈಯಲ್ಲಿ ಉಳಿಯಿತು, ಲೋಟ ನೆಲದಲ್ಲಿ. ಆಗ ತನ್ನ ಬಾಯಿಂದ ಬಂದದ್ದು, ಮೇಲಿನ ಗಾಳಿಕಂಡಿ ನೀನು ಸರಿಯಾಗಿ ಮುಚ್ಚಿಲ್ಲ ಅನ್ಸುತ್ತೆ. ಬೈಯಲಿಲ್ಲ, ಮೆತ್ತಗೆ ಅಂದಳು, ಮೆತ್ತಗೆ ಅಂದದ್ದೇ ಹೆಚ್ಚು ನಾಟಿತೇನೋ. ಮುಚ್ಚಿದ್ದೆ ಅನ್ಸಿತ್ತಲ್ಲ ಅತ್ತಿಗೆ, ಎಂದು ನಾದಿನಿ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಬೇರೆ ಯಾರದ್ದೋ ಕೈ ಎಂಬ ಹಾಗೆ. ಮುಂದಿನ ಸುಡುವಿಕೆಗೆ ಗಾಳಿಕಂಡಿ ಮುಚ್ಚಿದೆಯೋ ಎಂದು ಹತ್ತು ಸಲ ಏಣಿ ಹತ್ತಿ ಇಳಿದಳು, ಅದರ ಮುಂದಿನದಕ್ಕೆ ಏಣಿಯ ಹತ್ತಿರವೇ ಬರಲಿಲ್ಲ, ಆಮೇಲೆ ಮಹಡಿಯ ಕೋಣೆ, ಬಟ್ಟೆಚೀಲ. ಅಂದಿನಿಂದ ತಾನು ಭಾನುವಾರಗಳಲ್ಲಿ ಇದೇ ಕೆರೆಯ ದಂಡೆಗೆ ಬಂದು ಕೂರುವುದು, ದೋಣಿ ನಡೆಸುವವರನ್ನು ನೋಡುವುದು, ಮೋಡ ಎಣಿಸುವುದು, ಇವತ್ತು ಹೇಳಬೇಕು ಎಂದುಕೊಳ್ಳುವುದು, ಬಿಸಿಲು ಇಳಿದ ಮೇಲೆ ಮುಂದಿನ ವಾರ ಎಂದುಕೊಂಡು ಏಳುವುದು, ಬೆಂಚಿನ ಇನ್ನೊಂದು ತುದಿಗೆ ಯಾರಾದರೂ ಕೂತರೆ ಎದ್ದೇಳುವವರೆಗೂ ಅವರೊಂದಿಗೆ ಹವೆಯ ಮಾತಾಡುವುದು, ಬಿಸಿಲು ಜಾಸ್ತಿ ಅಲ್ವಾ, ಹೌದು ಜಾಸ್ತಿ, ನಾಲ್ಕು ಬೇಸಿಗೆ.

ರೇಡಿಯೋದವರು ಹೇಳಿದ್ದು ಈ ಸಲ ನಿಜವಾಯಿತು, ಕೆರೆಯ ಮೇಲಿಂದ ಗಾಳಿ ಎದ್ದಿತು, ಚಾಪೆಗಳು ಹಾರಿದವು, ಡೇರೆಗಳ ಬದಿಗಳು ಪಟಪಟ ಬಡಿದುಕೊಂಡವು, ಮರಗೆಲಸದವನು ಓಡಿಬಂದು ಇವಳ ಲೋಟಗಳನ್ನು ಎರಡೂ ತೋಳುಗಳಲ್ಲಿ ಬಾಚಿ ಪೆಟ್ಟಿಗೆಗೆ ಇಳಿಸುತ್ತ, ನೀವು ಒಳಗೆ ಸರೀರಿ ಅಕ್ಕ, ನೆನೀತೀರಿ, ಅನ್ನುತ್ತಿದ್ದಾನೆ, ಇವಳು ಆಗಲೇ ಹೊರಗೆ. ಯಾವ ಘಳಿಗೆಯಲ್ಲಿ ಎದ್ದಳೋ ಗೊತ್ತಿಲ್ಲ, ಹನಿಗಳು ಬೆನ್ನಿಗೆ ಕಲ್ಲಿನಂತೆ ಬೀಳುತ್ತಿವೆ, ಚಪ್ಪಲಿ ಕೆಸರಲ್ಲಿ ಕಚ್ಚಿಕೊಳ್ಳುತ್ತಿದೆ, ಹೇಳಿದರೆ ಅತ್ತಿಗೆ ಎನ್ನುವುದೂ ನಿಲ್ಲುತ್ತದೆ, ನಿಲ್ಲಲಿ, ನಿಲ್ಲಬಾರದು, ಹೇಳದಿದ್ದರೆ ಆ ಕೈ ಬಟ್ಟೆ ಮಡಚುತ್ತಲೇ ಮುಗಿಯುತ್ತದೆ, ಸಾಯಂಕಾಲ ಎಷ್ಟು ದೂರ, ಮೂರು ಗಂಟೆಯೋ ನಾಲ್ಕೋ — ನಾದಿನಿ ಚೀಲಗಳನ್ನು ಮೇಜಿನ ಕೆಳಗೆ ತಳ್ಳುತ್ತಿದ್ದಳು, ತಲೆಯೆತ್ತಿ, ಅಯ್ಯೋ ಏನತ್ತಿಗೆ ಇದು, ಕೊಕ್ಕರೆ ಹಾಗೆ ನೆಂದಿದೀರಲ್ಲ, ಎಂದು ಒಂದು ಚೀಲವನ್ನೇ ತೆಗೆದು ತಲೆ ಒರೆಸಲು ಬಂದಳು, ಇವಳು ಆ ಕೈಯನ್ನು ಹಿಡಿದು ನಿಲ್ಲಿಸಿದಳು. ನೀನು ಗಾಳಿಕಂಡಿ ಮುಚ್ಚಿದ್ದೆ. ಸರಿಯಾಗೇ ಮುಚ್ಚಿದ್ದೆ. ಇಟ್ಟಿಗೆ ತೆಗೆದದ್ದು ನಾನು.

ಯಾವ ಇಟ್ಟಿಗೆ, ಎಂದಳು ನಾದಿನಿ. ಇಣುಕೋ ಕಂಡೀದು. ಯಾವಾಗ. ನೀನು ಡಾಕ್ಟರ ಹತ್ರ ಹೋಗಿದ್ದೆಯಲ್ಲ, ಆವಾಗ. ವಾಪಸ್ ಇಟ್ಟು ಮೆತ್ತಲಿಲ್ವಾ. ಇಲ್ಲ, ಹಸಿ ಮಣ್ಣು ನಿನಗೆ ಕಾಣುತ್ತೆ ಅಂತ. ಮಳೆ ಡೇರೆಯ ಮೇಲೆ ಸುರಿಯುತ್ತಿದೆ, ನಾದಿನಿಯ ಕಣ್ಣು ಇವಳ ಮುಖದ ಮೇಲಿಲ್ಲ, ಮೇಜಿನ ಅಂಚಿನ ಮೇಲೆ, ಚೀಲವೊಂದರ ಮೇಲೆ, ಬಯ್ಯಲಿ, ಏನಾದರೂ ಎಸೆಯಲಿ, ಎಸೆಯಲು ಇಲ್ಲಿ ಬಟ್ಟೆಯ ಹೊರತು ಏನೂ ಇಲ್ಲ, ಒಡೆಯುವಂಥದ್ದು ಏನೂ ಇಲ್ಲ. ಆ ಹೂಜಿ ನೋಡೋಕಾ, ಎಂದಳು ಕೊನೆಗೆ. ಹೂಂ. ಹೇಗಿತ್ತು. ಇವಳಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿರಲಿಲ್ಲ, ನಾಲ್ಕು ವರ್ಷ ಬೇರೆ ಎಲ್ಲ ಪ್ರಶ್ನೆಗಳಿಗೂ ಉತ್ತರ ಕಟ್ಟಿಟ್ಟುಕೊಂಡಿದ್ದಳು, ಇದೊಂದಕ್ಕಿಲ್ಲ. ಚೆನ್ನಾಗಿತ್ತು, ಎಂದಳು, ತುಂಬ ಚೆನ್ನಾಗಿತ್ತು ಕಣೇ, ನೀನೂ ನೋಡ್ಬೇಕಿತ್ತು. ನಾದಿನಿ ತಲೆಯಾಡಿಸಿದಳು. ಚೀಲದ ಮೂಲೆಗೆ ಮೂಲೆ ಸೇರಿಸಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಹೋಗಿ, ಎಂದಳು, ನಿಮ್ಮ ಅಂಗಡಿ ನೋಡ್ಕೊಳ್ಳೋರಿಲ್ಲ. ಅತ್ತಿಗೆ ಅನ್ನಲಿಲ್ಲ.

ಮಳೆ ಬಂದ ಹಾಗೆಯೇ ಹೋಯಿತು, ಬಿಸಿಲು ಮತ್ತೆ, ಹುಲ್ಲಿನಿಂದ ಹಬೆ, ಒದ್ದೆ ಸೀರೆ ಮೈಗೆ ಅಂಟಿ ಇವಳು ತನ್ನ ಮೇಜಿನ ಹಿಂದೆ ಕೂತಿದ್ದಾಳೆ, ಮರಗೆಲಸದವನು ತನ್ನ ಒಣಗಿದ ಟವೆಲ್ಲನ್ನು ಮೇಜಿನ ಮೂಲೆಯಲ್ಲಿಟ್ಟು ಒಂದು ಮಾತೂ ಕೇಳದೆ ಹೋದ, ಅಷ್ಟು ಮಾತಾಡುವವನು. ಎದುರಿನ ಡೇರೆಯಲ್ಲಿ ನಾದಿನಿ ಇಲ್ಲ. ಎಲ್ಲಿ ಹೋದಳು, ಮನೆಗೆ ಹೋದಳೇನೋ, ಚೀಲಗಳನ್ನು ಬಿಟ್ಟು ಹಾಗೆಲ್ಲ ಹೋಗುವವಳಲ್ಲ, ಹೋಗುವ ಹಾಗೆ ತಾನೇ ಮಾಡಿದೆನಲ್ಲ, ಹೇಳಿದರೆ ಎದೆ ಹಗುರವಾಗುತ್ತದೆ ಅನ್ನುತ್ತಾರೆ, ಯಾರು ಅನ್ನುತ್ತಾರೋ, ಏನೂ ಹಗುರವಾಗಲಿಲ್ಲ, ಭಾರ ಅಲ್ಲಿಂದ ಎದ್ದು ಆಚೆಯವಳ ಮಡಿಲಿಗೆ ಹೋಗಿ ಕೂತ ಹಾಗಿದೆ, ಅದು ಇನ್ನೂ ಕೆಟ್ಟದ್ದು — ಆಗ ಗೇಟಿನ ಹತ್ತಿರ ಕಂಡಳು. ಮೇಷ್ಟ್ರ ಮುಂದೆ ನಿಂತಿದ್ದಾಳೆ, ಉದ್ದನೆಯ ಮನುಷ್ಯ ಸೊಂಟ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಾನೆ, ಏನು ಹೇಳುತ್ತಿದ್ದಾಳೋ ಇಲ್ಲಿಗೆ ಕೇಳದು, ಎಡಗೈ ಎತ್ತಿ ಹಿಡಿದಿದ್ದಾಳೆ, ಬಲಗೈ ಗಾಳಿಯಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತಿದೆ, ನಿಧಾನವಾಗಿ, ಇನ್ನೊಂದು ಸಲ, ಮತ್ತೊಂದು ಸಲ, ಇಲ್ಲದ ಮಣ್ಣನ್ನು ಸವರುತ್ತ. ಇವಳು ಮುಖವನ್ನು ಟವೆಲ್ಲಿನೊಳಗೆ ಇಟ್ಟುಕೊಂಡಳು. ಹಾಗಾದರೆ ಹೋಗುತ್ತಾಳೆ. ಕೆರೆಯಾಚೆಯ ಶಾಲೆ, ಮುಂದಿನ ಬೇಸಿಗೆಯ ಮೇಳದಲ್ಲಿ ಎದುರು ಡೇರೆಯಲ್ಲಿ ಬೇರೆ ಯಾರೋ, ಗಳು ಜಾರಿದರೆ ಹಿಡಿಯುವವರಿಲ್ಲ, ಇರಲಿ, ಹೋಗಲಿ, ಅದಕ್ಕೇ ಅಲ್ಲವೇ ಮಳೆಯಲ್ಲಿ ನಡೆದದ್ದು, ಅದಕ್ಕೇ, ಆದರೂ.

ನೆರಳು ಮೇಜಿನ ಮೇಲೆ ಬಿತ್ತು. ಕೊಳ್ಳುವವರೆಂದುಕೊಂಡು ಎರಡೂ ಕೈಲಿ ಹಿಡ್ಕೊಂಡು ಕುಡೀಬೇಕು ಎನ್ನಲು ಬಾಯಿ ತೆರೆದು ತಲೆಯೆತ್ತಿದಳು. ನಾದಿನಿ ಇವಳನ್ನು ನೋಡುತ್ತಿಲ್ಲ, ಪೆಟ್ಟಿಗೆಯೊಳಗಿನ ಲೋಟಗಳ ಕಡೆ ನೋಡುತ್ತಿದ್ದಾಳೆ, ಕಣ್ಣಂಚು ಕೆಂಪಾಗಿದೆ, ಅತ್ತದ್ದಕ್ಕೋ ಸಿಟ್ಟಿಗೋ, ಎರಡೂ ಇರಬಹುದು, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಮೇಳದ ಅಡುಗೆಯವರ ಹತ್ತಿರ ತುಂಬಿಸಿಕೊಂಡು ಬಂದದ್ದು, ಮುಚ್ಚಳದ ಸಂದಿಯಿಂದ ಅನ್ನದ ಹಬೆ, ಮೇಲೆ ಒಂದು ಚಮಚ ಸಿಕ್ಕಿಸಿದೆ. ಬೆಳಗಿನಿಂದ ತಾನು ಏನೂ ತಿಂದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ, ತನಗೇ ನೆನಪಿರಲಿಲ್ಲ. ನಾದಿನಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋಗಬಹುದಿತ್ತು, ಇಡಲಿಲ್ಲ, ಮೇಜಿನ ಮೇಲಿಂದ ಚಾಚಿದಳು, ಇವಳು ಕೈ ನೀಡಿದಳು, ತಳ ಸುಡುತ್ತಿದೆ, ಇವಳು ತೆಗೆದುಕೊಂಡಾಗಿದೆ, ಅವಳು ಇನ್ನೂ ಬಿಟ್ಟಿಲ್ಲ, ಡಬ್ಬಿ ಬಿಸಿಯಾಗಿದೆ, ನಾಲ್ಕು ಕೈಗಳಲ್ಲಿದೆ —